ಅವರೆಕಾಳಿನ ಸಿಪ್ಪೆ ಪುಡಿ ಕುಡಿದರೆ ಶುಗರ್ ವಾಸಿಯಾಗುತ್ತದೆಯೇ?

ಚಳಿಗಾಲ ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಲ್ಲಿ ಮುದ್ದೆಗೆ ಹಿತಕಿದ ಬೇಳೆ ಸಾರು ಇರಲೇಬೇಕು. ನೆನೆಸಿದ ಅವರೆಕಾಳನ್ನು ಹಿತಕಿ ಬೇಳೆ ತೆಗೆದ ಮೇಲೆ ಸಿಪ್ಪೆ ಕಲಗಚ್ಚಿಗೋ ತಿಪ್ಪೆಗೋ ಹೋಗುತ್ತದೆ. ಆ ಸಿಪ್ಪೆಯನ್ನು ಒಣಗಿಸಿ, ಪುಡಿ ಮಾಡಿ ಕುಡಿದರೆ ಶುಗರ್ ವಾಸಿ ಎಂಬ ಸಂದೇಶ ನಿಮ್ಮ ವಾಟ್ಸ್‌ಆಪ್‌ಗೆ ಬಂದರೆ ನಂಬಬಹುದೇ? ನೋಡೋಣ.

ಸಿಪ್ಪೆಯಲ್ಲಿ ಏನಿದೆ?

ಕಾಳಿನ ಸಿಪ್ಪೆಯ ಬಹುಪಾಲು ನಾರು. ಅದರ ಜೊತೆಗೆ ಪಾಲಿಫಿನಾಲ್ ಎಂಬ ಸಸ್ಯಜನ್ಯ ವಸ್ತುಗಳಿವೆ. ಬಾಯಿಗೆ ಒಗರು ಕೊಡುವ ಟ್ಯಾನಿನ್ ಈ ಗುಂಪಿಗೇ ಸೇರಿದ್ದು. ಹೊಸ ಸೀರೆ ನೆನೆಸಿದಾಗ ಸ್ವಲ್ಪ ಬಣ್ಣ ನೀರಿಗೆ ಬಿಡುತ್ತದೆ, ಉಳಿದದ್ದು ನೂಲಿಗೆ ಅಂಟಿಕೊಂಡೇ ಇರುತ್ತದೆ. ಪಾಲಿಫಿನಾಲ್ ಕೂಡ ಹಾಗೆಯೇ. ಬಿಡಿಯಾಗಿರುವುದರಲ್ಲಿ ಒಂದಷ್ಟು ನೆನೆಸಿದ, ಬೇಯಿಸಿದ ನೀರಿಗೆ ಹೋಗುತ್ತದೆ. ನಾರಿಗೆ ಬೆಸೆದುಕೊಂಡದ್ದು ಸುಲಭವಾಗಿ ಬಿಡುವುದಿಲ್ಲ.

ಹೊಟ್ಟೆಯಲ್ಲಿ ಏನಾಗುತ್ತದೆ?

ಬೆಸೆದುಕೊಂಡ ಪಾಲಿಫಿನಾಲ್‌ನ ಹೆಚ್ಚಿನ ಭಾಗ ಜಠರ, ಸಣ್ಣ ಕರುಳು ದಾಟಿ ದೊಡ್ಡ ಕರುಳು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುವಾಗ ಅದನ್ನು ಬಿಡಿಸುತ್ತವೆ. ಆಗ ಹುಟ್ಟುವ ಬ್ಯುಟಿರೇಟ್‌ನಂಥ ಆಮ್ಲಗಳು ಕರುಳಿನ ಜೀವಕೋಶಗಳಿಗೆ ಆಹಾರ. ಪ್ರಯೋಗಾಲಯದಲ್ಲಿ ಕ್ಷಾರ ಬಳಸಿ ಈ ಪಾಲಿಫಿನಾಲ್ ತೆಗೆದರೆ ನಾರಿನ ಆಂಟಿಆಕ್ಸಿಡೆಂಟ್ ಶಕ್ತಿ ಕುಗ್ಗುತ್ತದೆ. ಪಿಷ್ಟ ಕರಗಿಸುವ ಕಿಣ್ವಗಳನ್ನು ಪಾಲಿಫಿನಾಲ್‌ಗಳು ಪ್ರನಾಳದಲ್ಲಿ ನಿಧಾನಗೊಳಿಸುವುದೂ ನಿಜ.

ಹಾಗಾದರೆ ಸಂದೇಶ ನಿಜವೇ?

ಇಲ್ಲ. ಪ್ರನಾಳದಲ್ಲಿ ಕಂಡದ್ದು ಮನುಷ್ಯರಿಗೆ ಚಿಕಿತ್ಸೆ ಆಗುವುದಿಲ್ಲ. ಊಟದಲ್ಲಿ ನಾರು ಹೆಚ್ಚಿದ್ದರೆ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರಬಹುದು, ಆದರೆ ಕಾಯಿಲೆ ಹೋಗುವುದಿಲ್ಲ. ಪುಡಿ ನಂಬಿ ಮಾತ್ರೆ, ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ. ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತಹೀನತೆ ಇರುವವರಿಗೆ ಈ ಪುಡಿ ಇನ್ನೂ ಬೇಡ. ಒಣ ಅವರೆಯನ್ನು ಹಸಿಯಾಗಿಯೂ ತಿನ್ನಬಾರದು.

ಏನು ಮಾಡಬಹುದು?

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದಕ್ಕೆ ಪುಡಿ ಬೇಕಿಲ್ಲ. ವಾರದಲ್ಲಿ ಒಂದೆರಡು ದಿನ ಹಿತಕದೆ, ಇಡೀ ಕಾಳನ್ನೇ ಚೆನ್ನಾಗಿ ಬೇಯಿಸಿ ಸಾರು, ಉಸಲಿ ಮಾಡಿ. ಒಣಕಾಳಾದರೆ ನೆನೆಸಿದ ನೀರು ಚೆಲ್ಲಿ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯವಾಗುತ್ತದೆ. ಅಭ್ಯಾಸವಿಲ್ಲದವರು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸೀತು.

ಒಟ್ಟಿನಲ್ಲಿ, ಸಿಪ್ಪೆ ಒಳ್ಳೆಯ ಆಹಾರ, ಆದರೆ ಔಷಧವಲ್ಲ. ಅಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.