ಕವಿಯ ಹೆಸರಿನಲ್ಲೊಂದು ಊಟ

ಹಿರಿಯರ ನೆನಪಿಗೆ ಎಡೆಯಿಡುವುದು ನಮಗೆ ಹೊಸತಲ್ಲ. ಆದರೆ ಒಬ್ಬ ಕವಿಯ ನೆನಪಿಗಾಗಿ ಒಂದು ನಾಡಿನವರು ಪಂಕ್ತಿಯಲ್ಲಿ ಕುಳಿತು ಉಣ್ಣುವುದುಂಟೆ? ಸ್ಕಾಟ್ಲೆಂಡಿನಲ್ಲಿ ಉಂಟು. ಪ್ರತಿವರ್ಷ ಜನವರಿ 25ರ ರಾತ್ರಿ ಅಲ್ಲಿನವರು ತಮ್ಮ ರಾಷ್ಟ್ರಕವಿ ರಾಬರ್ಟ್ ಬರ್ನ್ಸನ ಹೆಸರಿನಲ್ಲಿ ಊಟಕ್ಕೆ ಸೇರುತ್ತಾರೆ.

ಬರ್ನ್ಸ್ 1759ರಲ್ಲಿ ಏರ್ ಪಟ್ಟಣದ ಬಳಿಯ ಅಲೋವೆ ಹಳ್ಳಿಯಲ್ಲಿ, ತಂದೆ ಕಟ್ಟಿದ ಹುಲ್ಲುಮಾಡಿನ ಮನೆಯಲ್ಲಿ ಹುಟ್ಟಿದ. ನೇಗಿಲು ಹಿಡಿದು ಬೆಳೆದವನು. ಓದುಬಲ್ಲವರು ಇಂಗ್ಲಿಷಿಗೆ ಮಾರುಹೋಗಿ ಮನೆಮಾತಿಗೆ ನಾಚುತ್ತಿದ್ದ ಕಾಲ ಅದು. ಅವನಾದರೋ ಒಕ್ಕಲುಮಕ್ಕಳ ಸ್ಕಾಟ್ಸ್ ನುಡಿಯಲ್ಲಿಯೇ ಹಾಡಿದ. ಬಡತನ ತಾಳಲಾರದೆ ಜಮೈಕಾಕ್ಕೆ ಹೊರಡಲಿದ್ದವನು, 1786ರಲ್ಲಿ ಅಚ್ಚಾದ ಮೊದಲ ಪುಸ್ತಕ ಹೆಸರು ತಂದದ್ದರಿಂದ ನಾಡಿನಲ್ಲಿಯೇ ಉಳಿದ. ಅಚ್ಚಾದ ಪ್ರತಿಗಳು 612 ಮಾತ್ರ! 1796ರಲ್ಲಿ, 37ರ ವಯಸ್ಸಿನಲ್ಲಿ, ತೀರಿಕೊಂಡ.

1801ರಲ್ಲಿ ಒಂಬತ್ತು ಮಂದಿ ಅವನು ಹುಟ್ಟಿದ ಮನೆಯಲ್ಲೇ ಸೇರಿ ಉಂಡರು. ಅದೇ ವರ್ಷ ಗ್ರೀನಕ್ ಬಂದರಿನಲ್ಲಿ ಮೊದಲ ಬರ್ನ್ಸ್ ಸಂಘ ಹುಟ್ಟಿತು. ಕಟ್ಟಿದವರು ಯಾರು? ಕವಿಯ ಏರ್‌ಷೈರ್ ಸೀಮೆಯಲ್ಲಿ ಹುಟ್ಟಿ ಗ್ರೀನಕ್‌ನಲ್ಲಿ ನೆಲೆಸಿದ್ದ ವರ್ತಕರು. ಊರು ಬಿಟ್ಟವರ ಈ ಹಂಬಲ ನಮಗೆ ಅರ್ಥವಾಗದ್ದಲ್ಲ. 1802ರಲ್ಲಿ ಅವರು ಜನವರಿ 29ರಂದು ಹುಟ್ಟುಹಬ್ಬ ಮಾಡಿದರು. ಮರುವರ್ಷ ಏರ್ ಚರ್ಚಿನ ದಾಖಲೆ ನೋಡಿದಾಗ ನಿಜವಾದ ದಿನ 25 ಎಂದು ತಿಳಿಯಿತು.

ಊಟಕ್ಕೂ ಒಂದು ಕ್ರಮವಿದೆ. ಮೊದಲು ಪ್ರಾರ್ಥನೆ. ಬಳಿಕ ಬ್ಯಾಗ್‌ಪೈಪ್ ವಾದ್ಯದೊಡನೆ ‘ಹ್ಯಾಗಿಸ್’ ಬರುತ್ತದೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಇದೇನು ರಾಜಭೋಜನವೆ? ಅಲ್ಲ. ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಮಸಾಲೆ ಬೆರೆಸಿ, ಕುರಿಯ ಹೊಟ್ಟೆಚೀಲದಲ್ಲಿ ತುಂಬಿ ಬೇಯಿಸಿದ ಬಡವರ ಅಡುಗೆ! ಅದನ್ನು ಹೊಗಳಿ ಬರ್ನ್ಸ್ ಬರೆದ ಪದ್ಯವನ್ನು ಒಬ್ಬರು ಹೇಳುತ್ತ ನಡುವೆ ಚಾಕುವಿನಿಂದ ಅದನ್ನು ಸೀಳುತ್ತಾರೆ. ಜೊತೆಗೆ ಆಲೂಗಡ್ಡೆ, ಟರ್ನಿಪ್ ಜಾತಿಯ ಗೆಡ್ಡೆ. ಈಗ ಮಾಂಸವಿಲ್ಲದ ಹ್ಯಾಗಿಸ್ ಸಹ ದೊರೆಯುತ್ತದೆ. ಅನಂತರ ಕವಿಯ ಸ್ಮರಣೆಯ ಭಾಷಣ, ಹೆಂಗಸರನ್ನು ಕೆಣಕುವ ಮಾತು, ಅವರ ತಿರುಗೇಟು. ಕೊನೆಗೆ ಕೈಕೈ ಹಿಡಿದು ‘ಆಲ್ಡ್ ಲಾಂಗ್ ಸೈನ್’ ಹಾಡು.

ಇಷ್ಟೆಲ್ಲ ಆದರೂ ನುಡಿ ಉಳಿದಿದೆಯೆ? 2011ರ ಜನಗಣತಿಯಲ್ಲಿ ಸುಮಾರು 53 ಲಕ್ಷ ಜನರಲ್ಲಿ ಸ್ಕಾಟ್ಸ್ ಆಡಬಲ್ಲೆವೆಂದವರು 15 ಲಕ್ಷದಷ್ಟು. ವರ್ಷಕ್ಕೊಂದು ಹಬ್ಬ ಕವಿಯ ಹೆಸರನ್ನು ಉಳಿಸಿತು. ಅವನ ಮಾತು ಉಳಿಯಬೇಕಾದರೆ ಉಳಿದ ದಿನಗಳ ಊಟದಲ್ಲೂ ಅದು ಕೇಳಿಸಬೇಕು. ರಾಜ್ಯೋತ್ಸವಕ್ಕೆ ತಪ್ಪದೆ ಸೇರುವ ನಾವು, ನವೆಂಬರ್ ಕಳೆದ ಮೇಲೆ ಮಕ್ಕಳನ್ನು ಯಾವ ಮಾತಿನಲ್ಲಿ ಊಟಕ್ಕೆ ಕರೆಯುತ್ತೇವೆ?