ಲಿನಕ್ಸ್ ‘ಓದಲು ಮಾತ್ರ’ ಎಂದು ಹಠ ಹಿಡಿದಾಗ: ತಪ್ಪು ಕಲ್ಪನೆ ಮತ್ತು ಸತ್ಯ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರಿಗೆ ಉಬುಂಟು, ಲಿನಕ್ಸ್ ಮಿಂಟ್ ಒಳ್ಳೆಯ ದಾರಿ. ಹಾಸನದ ಎಂಜಿನಿಯರಿಂಗ್ ಹುಡುಗರಿಗೆ ಲಿನಕ್ಸ್ ಹೊಸದೂ ಅಲ್ಲ. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸನ್ನೂ ಉಬುಂಟುವನ್ನೂ ಇಟ್ಟುಕೊಂಡು ಓದು ಮುಗಿಸಿದವರು ಬೇಕಾದಷ್ಟಿದ್ದಾರೆ. ಸಾಫ್ಟ್‌ವೇರ್ ಬದಲಾದರೂ ಒಳಗಿನ ಡಿಸ್ಕ್ ಮಾತ್ರ ಹಳೆಯದೇ, ಕೇಬಲ್ಲೂ ಹಳೆಯದೇ. ಗೋಡೆಯ ಪ್ಲಗ್ಗಿನಲ್ಲಿ ಬರುವ ಕರೆಂಟಂತೂ ಹೊಳೆನರಸೀಪುರದ್ದೋ ಅರಕಲಗೂಡಿನದ್ದೋ ಆಗಿರುತ್ತದೆ.

ಹೀಗಿರುವಾಗ ಒಂದು ದಿನ ಫೈಲ್ ಸೇವ್ ಆಗುವುದಿಲ್ಲ. ಪರದೆಯ ಮೇಲೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂಬ ಸಾಲು ಬರುತ್ತದೆ. ಅಪ್‌ಡೇಟ್ ಹಾಕಲು ಹೋದರೆ ಲಾಕ್ ಫೈಲ್ ತೆರೆಯಲಾಗಲಿಲ್ಲ ಎನ್ನುತ್ತದೆ. ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಮತ್ತೆ ಲಾಗಿನ್ ಪರದೆಗೇ ತಂದು ನಿಲ್ಲಿಸುತ್ತದೆ. ಲಿನಕ್ಸ್ ಕೂತಿರುವ ರೂಟ್ ಡ್ರೈವ್ ‘ಓದಲು ಮಾತ್ರ’ ಸ್ಥಿತಿಗೆ ಹೋಗಿದೆ ಎಂಬುದಕ್ಕೆ ಇವು ಲಕ್ಷಣ. ಆಗ ಹಾಸ್ಟೆಲಿನಲ್ಲೂ ರಿಪೇರಿ ಅಂಗಡಿಯಲ್ಲೂ ಸಿಗುವ ಸಲಹೆಗಳಲ್ಲಿ ಕೆಲವು ನಿರುಪಯೋಗಿ, ಕೆಲವು ಅಪಾಯಕಾರಿ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: “ಯಾರೋ ಲಾಕ್ ಮಾಡವ್ರೆ, ಇಲ್ಲಾ ವೈರಸ್ ಬಂದೈತೆ”

ಸತ್ಯ: ಬೀಗ ಹಾಕಿದ್ದು ಲಿನಕ್ಸಿನ ತಿರುಳಾದ ಕರ್ನಲ್ ತಾನೇ. ಉಬುಂಟು, ಡೆಬಿಯನ್, ಮಿಂಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 2008ರಲ್ಲಿ ಬಳಕೆಗೆ ಸಿದ್ಧವಾದ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಯಾವ ಫೈಲ್ ಡಿಸ್ಕಿನ ಎಲ್ಲೆಲ್ಲಿದೆ, ಯಾರದ್ದು, ಯಾವ ಜಾಗ ಖಾಲಿ ಎಂಬ ಲೆಕ್ಕವನ್ನು ಅದು ಡಿಸ್ಕಿನಲ್ಲೇ ಇಟ್ಟಿರುತ್ತದೆ. ಆ ಲೆಕ್ಕ ತಾಳೆಯಾಗದಿದ್ದರೆ, ಅಥವಾ ಲೆಕ್ಕ ಬರೆದಿಟ್ಟ ಭಾಗವನ್ನೇ ಓದಲಾಗದಿದ್ದರೆ, ಕರ್ನಲ್ ಮುಂದೆ ಮೂರು ದಾರಿ: ಕಂಡೂ ಕಾಣದಂತೆ ಮುಂದುವರಿಯುವುದು, ಇಡೀ ಯಂತ್ರವನ್ನೇ ನಿಲ್ಲಿಸುವುದು, ಇಲ್ಲವೇ ಬರೆಯುವುದನ್ನಷ್ಟೇ ನಿಲ್ಲಿಸುವುದು. ಡೆಬಿಯನ್ ಮತ್ತು ಉಬುಂಟು ಇನ್‌ಸ್ಟಾಲ್ ಆಗುವಾಗಲೇ ರೂಟ್ ಡ್ರೈವ್‌ಗೆ ಮೂರನೆಯ ದಾರಿಯನ್ನು ‘ಎಫ್‌ಎಸ್‌ಟ್ಯಾಬ್’ ಎಂಬ ಫೈಲಿನಲ್ಲಿ ಬರೆದಿಡುತ್ತವೆ. ಖಾಲಿ ಜಾಗದ ಲೆಕ್ಕ ತಪ್ಪಿದಾಗ ಹೊಸದೇನನ್ನಾದರೂ ಬರೆದರೆ ಅದು ನಿಮ್ಮ ಪ್ರಾಜೆಕ್ಟ್ ವರದಿಯ ಮೇಲೇ ಹೋಗಿ ಕೂರಬಹುದು. ಬೀಗ ಬಿದ್ದದ್ದು ಅದನ್ನು ತಪ್ಪಿಸಲಿಕ್ಕೆ.

ಹಾಸನದವರಿಗೆ ಇದನ್ನು ಅರ್ಥಮಾಡಿಸಲು ದೂರ ಹೋಗಬೇಕಿಲ್ಲ. ಸಾಲಗಾಮೆ ರಸ್ತೆಯಲ್ಲಿ, 1960ರಲ್ಲಿ ಶುರುವಾದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು ಇರುವ ಅದೇ ರಸ್ತೆಯಲ್ಲಿ, ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ (ಎಂಸಿಎಫ್) ಇದೆ. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ಕಾಯುತ್ತಿರುವ ಕೇಂದ್ರ ಅದು. ದಿಕ್ಕು ತಪ್ಪಿದ ಉಪಗ್ರಹ ತನ್ನ ಮಾಮೂಲಿ ಕೆಲಸ ಬದಿಗಿಟ್ಟು, ಸೂರ್ಯನ ಕಡೆ ಮುಖಮಾಡಿ ಬ್ಯಾಟರಿ ಉಳಿಸಿಕೊಂಡು, ಭೂಮಿಯಿಂದ ಆದೇಶಕ್ಕೆ ಕಾಯುವ ‘ಸೇಫ್ ಮೋಡ್’ಗೆ ಹೋಗುತ್ತದೆ. ಆಗ ಎಂಜಿನಿಯರುಗಳು ಮೊದಲು ನೋಡುವುದು ಅದು ಕಳಿಸಿದ ಮಾಹಿತಿಯನ್ನು. ಪ್ರಸಾರ ಶುರುಮಾಡು ಎಂದು ಒತ್ತಾಯಿಸುವ ಆತುರ ಯಾರಿಗೂ ಇರುವುದಿಲ್ಲ. ‘ಓದಲು ಮಾತ್ರ’ ಆದ ಡ್ರೈವ್‌ಗೂ ಇದೇ ಶಿಸ್ತು ಬೇಕು.

ತಪ್ಪು ಕಲ್ಪನೆ 2: “ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಸರಿಹೋಗ್ತದೆ”

ಸತ್ಯ: ಕೆಲವು ಸಲ ಸರಿಹೋಗುವುದು ನಿಜ. ಉಬುಂಟು ಬೂಟ್ ಆಗುವಾಗ ರೂಟ್ ಡ್ರೈವನ್ನು ಮೊದಲು ಪರೀಕ್ಷಿಸಿ, ಓದಲು ಮಾತ್ರ ತೆರೆದು, ಆಮೇಲೆ ಬರೆಯಲು ಬಿಡುತ್ತದೆ. ಆ ಪರೀಕ್ಷೆಯಲ್ಲೇ ಸಣ್ಣ ದೋಷ ತಿದ್ದಿಹೋಗಬಹುದು. ಆದರೆ ಹೀಗೆ ಆಫ್ ಮಾಡಿದರೆ ಕೈತಪ್ಪುವುದು ಸಾಕ್ಷ್ಯ. ಡ್ರೈವ್‌ಗೆ ಬೀಗ ಬಿದ್ದ ಮೇಲೆ ಕರ್ನಲ್ ತನ್ನ ದೂರನ್ನೂ ಡಿಸ್ಕಿಗೆ ಬರೆಯಲಾರದು. ಏಕೆ ನಿಲ್ಲಿಸಿದೆ ಎಂಬ ಸಂದೇಶ ಮೆಮೊರಿಯಲ್ಲಷ್ಟೇ ಇರುತ್ತದೆ, ಕರೆಂಟ್ ಹೋದೊಡನೆ ಅದೂ ಹೋಗುತ್ತದೆ. ಆದ್ದರಿಂದ ರೀಸ್ಟಾರ್ಟ್ ಮಾಡುವ ಮುನ್ನ ಟರ್ಮಿನಲ್ ತೆರೆದು ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸ್ಜ್’ ಆದೇಶ ಕೊಡಿ, ಕೊನೆಯ ಸಾಲುಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ‘ಇಎಕ್ಸ್‌ಟಿ4-ಎಫ್‌ಎಸ್ ಎರರ್’ ಎಂಬ ಸಾಲು ಮಾತ್ರ ಇದೆಯೋ, ಅದಕ್ಕೂ ಮೊದಲು ‘ಐ/ಒ ಎರರ್’ ಇದೆಯೋ ನೋಡಿ. ಮೊದಲನೆಯದಷ್ಟೇ ಇದ್ದರೆ ಲೆಕ್ಕ ಕೆಟ್ಟಿದೆ. ಎರಡನೆಯದೂ ಇದ್ದರೆ ಡಿಸ್ಕ್, ಕೇಬಲ್ ಅಥವಾ ವಿದ್ಯುತ್ ಪೂರೈಕೆಯ ಮೇಲೆ ಅನುಮಾನ ಪಡಬೇಕು. ಮುಂದಿನ ದಾರಿಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ತಪ್ಪು ಕಲ್ಪನೆ 3: “ಪರ್ಮಿಷನ್ ಇಲ್ಲ ಅಷ್ಟೇ, 777 ಕೊಡು”

ಸತ್ಯ: ಅನುಮತಿಗೂ ಇದಕ್ಕೂ ಸಂಬಂಧವಿಲ್ಲ. ಡ್ರೈವ್‌ಗೇ ಬೀಗ ಬಿದ್ದಾಗ ‘ಸುಡೊ’ ಬಳಸಿ ಸರ್ವಾಧಿಕಾರಿಯಾದರೂ ಬರೆಯಲಾಗದು. ಅನುಮತಿ ಬದಲಿಸುವುದೂ ಬರೆಯುವ ಕೆಲಸವೇ ಆದ್ದರಿಂದ ಅದಕ್ಕೂ ಅದೇ ಉತ್ತರ ಬರುತ್ತದೆ. ತೊಂದರೆ ಇರುವುದು ಆಮೇಲೆ. ಬೀಗ ತೆರೆದ ಕ್ಷಣದಲ್ಲಿ ಯಾರಾದರೂ ಇಡೀ ರೂಟ್‌ಗೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟರೆ ‘ಸುಡೊ’ ಪ್ರೋಗ್ರಾಮಿಗೆ ಇರಬೇಕಾದ ವಿಶೇಷ ಗುರುತೇ ಅಳಿಸಿಹೋಗಿ, ಸುಡೊ ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಮೂಲ ತೊಂದರೆಯ ಜೊತೆಗೆ ಇನ್ನೊಂದನ್ನು ತಂದುಕೊಂಡಂತೆ.

ತಪ್ಪು ಕಲ್ಪನೆ 4: “ರೀಮೌಂಟ್ ಕಮಾಂಡ್ ಹಾಕಿದರೆ ಮುಗೀತು”

ಸತ್ಯ: ಅಂತರ್ಜಾಲದಲ್ಲಿ ಹುಡುಕಿದವರ ಕೈಗೆ ಮೊದಲು ಸಿಗುವುದು ಇದೇ ಆದೇಶ: ‘ಮೌಂಟ್’ಗೆ ‘ರೀಮೌಂಟ್’ ಮತ್ತು ‘ಆರ್‌ಡಬ್ಲ್ಯು’ ಆಯ್ಕೆ ಸೇರಿಸಿ ರೂಟನ್ನು ಮತ್ತೆ ಬರೆಯಲು ತೆರೆಯುವುದು. ಇದು ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಡಿಸ್ಕ್ ಚೆನ್ನಾಗಿದ್ದು, ಬೇರೆ ಕಾರಣಕ್ಕೆ ಬೀಗ ಉಳಿದುಕೊಂಡಿದ್ದರೆ ಅದು ಸರಿಯಾದ ಮದ್ದು. ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಅಕ್ಷರ ತಪ್ಪಾಗಿ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿದೆ ಎನ್ನಿ. ರೂಟ್ ಇನ್ನೂ ಮೊದಲ ಹಂತದ ‘ಓದಲು ಮಾತ್ರ’ದಲ್ಲೇ ಇರಬಹುದು. ಆಗ ರೀಮೌಂಟ್ ಮಾಡಿ, ಆ ಸಾಲು ತಿದ್ದಿ, ರೀಸ್ಟಾರ್ಟ್ ಮಾಡಿದರೆ ಕೆಲಸ ಮುಗಿಯಿತು. ರಿಕವರಿ ಮೋಡ್‌ನಲ್ಲಿ ಪಾಸ್‌ವರ್ಡ್ ಬದಲಿಸುವಾಗಲೂ ಇದೇ ಕ್ರಮ.

ಕೆಲಸದ ನಡುವೆ ದೋಷ ಕಂಡು ಬೀಗ ಬಿದ್ದಿದ್ದರೆ ಮಾತು ಬೇರೆ. ಇಎಕ್ಸ್‌ಟಿ4 ತನ್ನ ಜರ್ನಲನ್ನೇ, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ಪುಸ್ತಕವನ್ನೇ, ಕೈಬಿಟ್ಟಿದ್ದರೆ ಕರ್ನಲ್ ರೀಮೌಂಟ್‌ಗೆ ಒಪ್ಪುವುದಿಲ್ಲ. ಒಂದು ವೇಳೆ ಒಪ್ಪಿತೆನ್ನಿ, ಕೆಟ್ಟ ಲೆಕ್ಕದ ಮೇಲೇ ಹೊಸ ಬರವಣಿಗೆ ಶುರುವಾಗುತ್ತದೆ. ಒಂದು ಡೈರೆಕ್ಟರಿಯಲ್ಲಿದ್ದ ದೋಷ ಹತ್ತಕ್ಕೆ ಹಬ್ಬುತ್ತದೆ. “ಮೊನ್ನೆ ರೀಮೌಂಟ್ ಮಾಡಿದ್ದೆ, ಇವತ್ತು ಬೂಟೇ ಆಗ್ತಿಲ್ಲ” ಎಂಬ ಮಾತು ಕೇಳಿಬರುವುದು ಇಲ್ಲಿಂದ.

ತಪ್ಪು ಕಲ್ಪನೆ 5: “ಎಲ್ಲಾ ಕರೆಂಟಿನ ಕಾಟ” ಮತ್ತು “ಜರ್ನಲ್ ಐತಲ್ಲ, ಕರೆಂಟ್ ಹೋದ್ರೇನು”

ಸತ್ಯ: ಎರಡೂ ಅರ್ಧ ನಿಜ. ಕೊಡಗಿಗೆ ತಾಗಿಕೊಂಡ ಅರಕಲಗೂಡಿನ ಕಡೆ ಮುಂಗಾರಿನ ಗಾಳಿಮಳೆಗೆ ತಂತಿಯ ಮೇಲೆ ಕೊಂಬೆ ಬೀಳುವುದು ಹೊಸದೇನಲ್ಲ. ತೆಂಗಿನ ತೋಟಗಳ ಚನ್ನರಾಯಪಟ್ಟಣದ ಕಡೆ ಪಂಪ್‌ಸೆಟ್‌ಗಳು ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಗ್ಗುವುದನ್ನೂ ಬಲ್ಲೆವು. ಆದರೆ ಬರೇ ಕರೆಂಟ್ ಹೋಗಿ ಬಂದರೆ ಲಿನಕ್ಸ್ ತಡೆದುಕೊಳ್ಳುತ್ತದೆ. 2001ರಲ್ಲಿ ಕರ್ನಲ್ ಸೇರಿದ ಇಎಕ್ಸ್‌ಟಿ3ಯಿಂದಲೇ ಜರ್ನಲ್ ವ್ಯವಸ್ಥೆ ಇದೆ: ಲೆಕ್ಕ ಬದಲಿಸುವ ಮುನ್ನ ಏನು ಬದಲಿಸಲಿದ್ದೇನೆ ಎಂಬುದನ್ನು ಬೇರೆಡೆ ಬರೆದುಕೊಳ್ಳುವುದು, ಅರ್ಧಕ್ಕೆ ನಿಂತರೆ ಮುಂದಿನ ಬೂಟ್‌ನಲ್ಲಿ ಅದನ್ನು ನೋಡಿ ಪೂರ್ತಿಮಾಡುವುದು.

ಜರ್ನಲಿಗೂ ಮಿತಿಯಿದೆ. ಮಾಮೂಲಿ ವ್ಯವಸ್ಥೆಯಲ್ಲಿ ಅದು ಕಾಯುವುದು ಫೈಲ್‌ಗಳ ಲೆಕ್ಕವನ್ನು, ಒಳಗಿನ ವಿಷಯವನ್ನಲ್ಲ. ಕರೆಂಟ್ ಹೋದಾಗ ತೆರೆದಿದ್ದ ದಾಖಲೆ ಅರ್ಧ ಉಳಿದರೆ ಜರ್ನಲ್ ಹೊಣೆಯಲ್ಲ. ‘ಬರೆದೆ’ ಎಂದು ಹೇಳಿ ಇನ್ನೂ ತನ್ನ ಕ್ಯಾಶೆಯಲ್ಲೇ ಇಟ್ಟುಕೊಂಡಿರುವ ಅಗ್ಗದ ಡಿಸ್ಕ್, ರಾಸ್ಪ್‌ಬೆರಿ ಪೈನಲ್ಲಿ ಹಾಕುವ ಸಾಧಾರಣ ಮೆಮೊರಿ ಕಾರ್ಡ್, ಕೆಟ್ಟ ರ್‍ಯಾಮ್, ಇವುಗಳ ಮುಂದೆ ಜರ್ನಲ್ ಆಟ ನಡೆಯದು. ಬ್ಯಾಟರಿ ಸತ್ತ ಯುಪಿಎಸ್ ಇದ್ದೂ ಇಲ್ಲದಂತೆ. ಡೆಸ್ಕ್‌ಟಾಪ್ ಇಟ್ಟ ಅಂಗಡಿಯವರು ಮೊದಲು ಅದನ್ನು ಬದಲಿಸಲಿ.

ತಪ್ಪು ಕಲ್ಪನೆ 6: “ಈಗಲೇ ಎಫ್‌ಎಸ್‌ಸಿಕೆ ಓಡಿಸು, ಎಲ್ಲದಕ್ಕೂ ವೈ ಒತ್ತು”

ಸತ್ಯ: ಫೈಲ್ ಸಿಸ್ಟಮ್ ರಿಪೇರಿ ಮಾಡುವ ಸಾಧನ ಎಫ್‌ಎಸ್‌ಸಿಕೆ ಎಂಬುದು ಸರಿ. ಆದರೆ ಬರೆಯಲು ತೆರೆದಿರುವ ಡ್ರೈವ್ ಮೇಲೆ ಅದನ್ನು ಓಡಿಸುವುದು ಎಲ್ಲ ತಪ್ಪುಗಳಿಗಿಂತ ದೊಡ್ಡದು. ಕರ್ನಲ್ ಒಂದು ಕಡೆಯಿಂದ ಬರೆಯುತ್ತಿರುವಾಗ ಎಫ್‌ಎಸ್‌ಸಿಕೆ ಇನ್ನೊಂದು ಕಡೆಯಿಂದ ತಿದ್ದಿದರೆ ಇಬ್ಬರ ಲೆಕ್ಕವೂ ಕೆಡುತ್ತದೆ. ಓಡುತ್ತಿರುವ ಯಂತ್ರದ ರೂಟನ್ನು ಕಳಚಲೂ ಆಗದು. ರೂಟ್‌ನಲ್ಲಿ ‘ಫೋರ್ಸ್‌ಎಫ್‌ಎಸ್‌ಸಿಕೆ’ ಎಂಬ ಖಾಲಿ ಫೈಲ್ ಇಟ್ಟು ಮುಂದಿನ ಬೂಟ್‌ಗೆ ಪರೀಕ್ಷೆ ಮಾಡಿಸುವ ಹಳೆಯ ಉಪಾಯವನ್ನು ಕೆಲವರು ಹೇಳುತ್ತಾರೆ. ಬರೆಯಲಾಗದ ಡ್ರೈವ್‌ನಲ್ಲಿ ಆ ಫೈಲನ್ನು ಇಡುವುದೆಲ್ಲಿ?

ಸರಿಯಾದ ದಾರಿ ಎರಡು. ಒಂದು, ಬೂಟ್ ಆಗುವಾಗ ಗ್ರಬ್ ಮೆನು ತಂದು ಅಡ್ವಾನ್ಸ್ಡ್ ಆಯ್ಕೆಯಲ್ಲಿ ರಿಕವರಿ ಮೋಡ್‌ಗೆ ಹೋಗಿ, ಅಲ್ಲಿರುವ ಎಫ್‌ಎಸ್‌ಸಿಕೆ ಆಯ್ಕೆ ಬಳಸುವುದು. ಇನ್ನೊಂದು, ಹೆಚ್ಚು ನಿರಾತಂಕದ್ದು: ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕಿನ ಪಾರ್ಟಿಷನ್ ಮೌಂಟ್ ಆಗಿಲ್ಲ ಎಂದು ಖಚಿತಪಡಿಸಿಕೊಂಡು, ಅಲ್ಲಿಂದ ಎಫ್‌ಎಸ್‌ಸಿಕೆ ಓಡಿಸುವುದು. ಬೂಟ್ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಕಪ್ಪು ಪರದೆಯಲ್ಲೇ ನಿಂತು ‘ನೀನೇ ಎಫ್‌ಎಸ್‌ಸಿಕೆ ಓಡಿಸು’ ಎಂದರೆ, ರೂಟ್ ಇನ್ನೂ ತೆರೆದಿಲ್ಲವಾದ್ದರಿಂದ, ಅಲ್ಲಿಯೇ ಓಡಿಸಬಹುದು. ಕೆಲಸ ಮುಗಿದಾಗ ಎಫ್‌ಎಸ್‌ಸಿಕೆ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ: 0 ಎಂದರೆ ದೋಷವಿಲ್ಲ, 1 ಎಂದರೆ ತಿದ್ದಲಾಗಿದೆ, 4 ಎಂದರೆ ಇನ್ನೂ ಉಳಿದಿದೆ. ಹೆಸರು ಕಳೆದುಕೊಂಡ ಫೈಲ್‌ಗಳು ‘ಲಾಸ್ಟ್+ಫೌಂಡ್’ ಡೈರೆಕ್ಟರಿಯಲ್ಲಿ ಬರೀ ಅಂಕಿಯ ಹೆಸರಿನಲ್ಲಿ ಬಿದ್ದಿರುತ್ತವೆ. ಖಾಲಿ ಎಂದುಕೊಂಡು ಅಳಿಸಬೇಡಿ.

ಕಣ್ಣುಮುಚ್ಚಿ ಎಲ್ಲದಕ್ಕೂ ವೈ ಒತ್ತುವುದು ಡಿಸ್ಕ್ ಚೆನ್ನಾಗಿದ್ದಾಗ ಪರವಾಗಿಲ್ಲ. ಡಿಸ್ಕೇ ಸಾಯುತ್ತಿದ್ದರೆ ಎಫ್‌ಎಸ್‌ಸಿಕೆ ಮಾಡುವ ಪ್ರತಿ ತಿದ್ದುಪಡಿ ಅದಕ್ಕೆ ಇನ್ನಷ್ಟು ಹೊರೆ. ‘ಐ/ಒ ಎರರ್’ ಕಂಡಿದ್ದರೆ ಮೊದಲು ನಕಲು, ಆಮೇಲೆ ರಿಪೇರಿ. ಓದಲಾಗದ ಭಾಗವನ್ನು ಸದ್ಯಕ್ಕೆ ಬಿಟ್ಟು ಉಳಿದದ್ದನ್ನು ಮೊದಲು ಎತ್ತಿಕೊಳ್ಳುವ ‘ಡಿಡಿರೆಸ್ಕ್ಯೂ’ ಇದಕ್ಕೆಂದೇ ಇರುವ ಪ್ರೋಗ್ರಾಮು.

ತಪ್ಪು ಕಲ್ಪನೆ 7: “ಫಾರ್ಮ್ಯಾಟ್ ಹೊಡ್ದು ಕೊಡ್ಲಾ ಸರ್? ಇಲ್ಲಾ ಹೊಸ ಡಿಸ್ಕೇ ಹಾಕ್ಸಿ”

ಸತ್ಯ: ಫಾರ್ಮ್ಯಾಟ್‌ನಿಂದ ಲೆಕ್ಕ ಹೊಸದಾಗುತ್ತದೆ, ಡಿಸ್ಕ್ ಹೊಸದಾಗುವುದಿಲ್ಲ. ದೋಷ ಯಂತ್ರಾಂಶದ್ದಾದರೆ ಕೆಲವು ವಾರದಲ್ಲಿ ಅದೇ ಸಂದೇಶ ಮತ್ತೆ ಬರುತ್ತದೆ, ಅಷ್ಟರಲ್ಲಿ ಹಳೆಯ ಫೈಲ್‌ಗಳೂ ಹೋಗಿರುತ್ತವೆ. ಹಾಗೆಂದು ಪ್ರತಿ ಸಲ ಡಿಸ್ಕ್ ಬದಲಿಸಬೇಕಾಗಿಯೂ ಇಲ್ಲ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದಕ್ಕೆ ‘ಸ್ಮಾರ್ಟ್’ ವರದಿ ಎನ್ನುತ್ತಾರೆ. ‘ಸ್ಮಾರ್ಟ್‌ಸಿಟಿಎಲ್’ ಆದೇಶದಿಂದ ಅದನ್ನು ನೋಡಬಹುದು. ಹಾರ್ಡ್‌ಡಿಸ್ಕಿನಲ್ಲಿ ಗಮನಿಸಬೇಕಾದ ಸಾಲು ಮೂರು. 5ನೆಯದು ಕೆಟ್ಟುಹೋಗಿ ಬದಲಿ ಕೊಟ್ಟ ಸೆಕ್ಟರ್‌ಗಳ ಎಣಿಕೆ. 197ನೆಯದು ಓದಲಾಗದೆ ಅನುಮಾನದಲ್ಲಿರುವ ಸೆಕ್ಟರ್‌ಗಳದ್ದು. ಇವೆರಡು ಏರುತ್ತಿದ್ದರೆ ಡಿಸ್ಕಿನ ಆಸೆ ಬಿಡಿ. 199ನೆಯದು ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಸಾಟಾ ಕೇಬಲಿನದ್ದು. ಡಿಸ್ಕಿಗಾಗಿ ಸಾವಿರಾರು ರೂಪಾಯಿ ಕೊಡುವ ಮುನ್ನ ಕೇಬಲ್ ಕಳಚಿ ಸರಿಯಾಗಿ ಕೂರಿಸಿ, ಇಲ್ಲವೇ ಬೇರೆಯದು ಹಾಕಿ ನೋಡಿ.

ಎಸ್‌ಎಸ್‌ಡಿಯ ವಿಷಯ ಬೇರೆ. ಬರೆಯುವ ಆಯಸ್ಸು ತೀರಿದಾಗ ಕೆಲವು ಎಸ್‌ಎಸ್‌ಡಿಗಳು ಒಳಗಿನಿಂದಲೇ ಬೀಗ ಹಾಕಿಕೊಳ್ಳುತ್ತವೆ. ಎನ್‌ವಿಎಂಇ ಡ್ರೈವ್‌ಗಳ ವರದಿಯಲ್ಲಿ ಇದಕ್ಕೆಂದೇ ಎಚ್ಚರಿಕೆಯ ಗುರುತಿದೆ. ಅದನ್ನು ತೆರೆಯುವ ಲಿನಕ್ಸ್ ಆದೇಶ ಯಾವುದೂ ಇಲ್ಲ. ಓದಲು ಸಿಗುವಾಗಲೇ ನಕಲು ಮಾಡಿಕೊಳ್ಳಬೇಕು.

ತಪ್ಪು ಕಲ್ಪನೆ 8: ಸೇವ್ ಆಗದಿದ್ದರೆ ಎಲ್ಲದಕ್ಕೂ ಇದೇ ಕಾರಣ

ಸತ್ಯ: ಡಿಸ್ಕ್ ತುಂಬಿದಾಗಲೂ ಲಾಗಿನ್ ಪರದೆ ಸುತ್ತುತ್ತದೆ, ಆದರೆ ಸಂದೇಶ ‘ನೋ ಸ್ಪೇಸ್ ಲೆಫ್ಟ್’ ಎಂದಿರುತ್ತದೆ, ಲಿನಕ್ಸಿನ ಲೆಕ್ಕದಲ್ಲಿ ಅದು 28ನೆಯ ದೋಷ, ‘ಓದಲು ಮಾತ್ರ’ 30ನೆಯದು. ಡಿಸ್ಕ್ ತುಂಬಿದ್ದಕ್ಕೆ ಬೇಡದ ಫೈಲ್ ತೆಗೆದರೆ ಸಾಕು. ಉಬುಂಟುವಿನಿಂದ ವಿಂಡೋಸ್ ಪಾರ್ಟಿಷನ್ನಿಗೆ ಮಾತ್ರ ಬರೆಯಲಾಗುತ್ತಿಲ್ಲವೆಂದರೆ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಅನ್ನು ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ. ಇನ್ನು, ಮೆಮೊರಿ ಕಾರ್ಡ್ ಬಾಳಿಕೆ ಬರಲೆಂದು ರಾಸ್ಪ್‌ಬೆರಿ ಪೈ ರೂಟನ್ನು ಬೇಕೆಂದೇ ‘ಓದಲು ಮಾತ್ರ’ ಇಡುವವರೂ ಇದ್ದಾರೆ. ಅದು ದೋಷವಲ್ಲ, ಆಯ್ಕೆ.

ಒಟ್ಟು ಕ್ರಮ ಇಷ್ಟು: ಮೊದಲು ಕರ್ನಲ್ ಸಂದೇಶ ಓದಿ ಫೋಟೊ ತೆಗೆಯಿರಿ. ಆಮೇಲೆ ಮುಖ್ಯ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ನಕಲು ಮಾಡಿ. ಮೂರನೆಯದಾಗಿ ಸ್ಮಾರ್ಟ್ ವರದಿ ನೋಡಿ. ನಂತರವಷ್ಟೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಫ್‌ಎಸ್‌ಸಿಕೆ ಓಡಿಸಿ. ಎಲ್ಲ ಸರಿ ಎಂದು ಅದು ಹೇಳಿದ ಮೇಲೆ ಮಾಮೂಲಿಯಾಗಿ ಬೂಟ್ ಮಾಡಿ. ಬೀಗ ತಾನಾಗಿ ತೆರೆಯುತ್ತದೆ. ಇಷ್ಟನ್ನು ಸ್ವಂತ ಮಾಡಿಕೊಳ್ಳಲು ಧೈರ್ಯವಿಲ್ಲದಿದ್ದರೆ ಅಂಗಡಿಗೆ ಒಯ್ಯಿರಿ, ತಪ್ಪೇನಿಲ್ಲ. ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಇಡುವಾಗ ಹೇಳಬೇಕಾದ ಮಾತು ಮಾತ್ರ ಇದು: “ಫಾರ್ಮ್ಯಾಟ್ ಬೇಡ. ಮೊದಲು ಡೇಟಾ ತೆಗೀರಿ, ಆಮೇಲೆ ಸ್ಮಾರ್ಟ್ ವರದಿ ನಂಗೂ ತೋರ್ಸಿ.”