ಏರ್ ಹ್ಯಾಂಡ್ಲರ್ ಒಳಗಿನ ಹೀಟರ್: ಊರಿನ ವೈರಿಂಗ್ ಲೆಕ್ಕ ಅಲ್ಲಿ ನಡೆಯದು

ಟೆಕ್ಸಸ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ ಕಡೆ ಮನೆ ಮಾಡಿಕೊಂಡ ಕನ್ನಡಿಗರಿಗೆ ಈ ಪೆಟ್ಟಿಗೆ ಗೊತ್ತು. ಅಟ್ಟದಲ್ಲೋ ಗರಾಜಿನ ಪಕ್ಕದಲ್ಲೋ ಇರುವ ಏರ್ ಹ್ಯಾಂಡ್ಲರ್, ಬೇಸಿಗೆಯಲ್ಲಿ ತಂಪು ಗಾಳಿಯನ್ನೂ ಚಳಿಯಲ್ಲಿ ಬಿಸಿ ಗಾಳಿಯನ್ನೂ ಇಡೀ ಮನೆಗೆ ಕಳಿಸುತ್ತದೆ. ಎಷ್ಟೋ ಮನೆಗಳಲ್ಲಿ ಅದರೊಳಗೆ ವಿದ್ಯುತ್ ಹೀಟರ್ ಕಾಯಿಲ್‌ಗಳೂ ಇರುತ್ತವೆ. ಅವುಗಳ ವೈರಿಂಗ್ ಬಗ್ಗೆ ಇರುವ ಕೆಲವು ನಂಬಿಕೆಗಳು ಜೀವಕ್ಕೇ ಅಪಾಯ.

ತಪ್ಪು ಕಲ್ಪನೆ: ಎರಡು ವೈರ್‌ಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್.

ವಾಸ್ತವ: ನಮ್ಮೂರಿನ 230 ವೋಲ್ಟ್ ಲೈನಿನಲ್ಲಿ ಹಾಗೆ. ಅಮೆರಿಕದ ಮನೆಯ 240 ವೋಲ್ಟ್ ಲೈನಿನಲ್ಲಿ ಎರಡೂ ವೈರ್ ಹೊಡೆಯುತ್ತವೆ. ಒಂದೊಂದರಲ್ಲೂ ನೆಲಕ್ಕೆ 120 ವೋಲ್ಟ್, ಎರಡರ ನಡುವೆ 240. ಹೀಟರ್‌ಗೆ ನ್ಯೂಟ್ರಲ್ ಬೇಕೇ ಇಲ್ಲ. ಎರಡು ವೈರ್, ಒಂದು ಅರ್ಥ್ ಸಾಕು. ಕೇಬಲ್‌ನಲ್ಲಿ ಬಿಳಿ ವೈರ್ ಬಂದಿದ್ದರೆ ಅದರಲ್ಲೂ ಕರೆಂಟ್ ಇದೆ ಎಂದು ತಿಳಿಯಲು ಅದರ ತುದಿಗೆ ಕಪ್ಪು ಅಥವಾ ಕೆಂಪು ಟೇಪ್ ಸುತ್ತಬೇಕು. ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಬ್ರೇಕರ್ ಕಡ್ಡಾಯ.

ತಪ್ಪು ಕಲ್ಪನೆ: ಬ್ರೇಕರ್ ಪದೇ ಪದೇ ಟ್ರಿಪ್ ಆದರೆ ದೊಡ್ಡದು ಹಾಕಿದರಾಯಿತು.

ವಾಸ್ತವ: ಬೆಂಕಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಬ್ರೇಕರ್ ಇರುವುದು ವೈರ್ ಸುಡದಂತೆ ಕಾಯಲು. 10 ಕಿಲೋವ್ಯಾಟ್ ಹೀಟರ್ ಎಳೆಯುವುದು ಸುಮಾರು 42 ಆಂಪ್, ಅಂದರೆ ಐದು ಗೀಸರ್ ಒಟ್ಟಿಗೆ ಹಾಕಿದಷ್ಟು. ಅದು ಗಂಟೆಗಟ್ಟಲೆ ಉರಿಯುವುದರಿಂದ ಅಲ್ಲಿನ ವಿದ್ಯುತ್ ಸಂಹಿತೆ ಶೇ. 125ರ ಲೆಕ್ಕ ಹಿಡಿಯುತ್ತದೆ: 52 ಆಂಪ್, ಮೇಲೆ ಫ್ಯಾನಿನದು. ಆದ್ದರಿಂದ ಸಾಮಾನ್ಯವಾಗಿ 60 ಆಂಪ್ ಬ್ರೇಕರ್, ಅದಕ್ಕೆ ತಕ್ಕ ದಪ್ಪದ ವೈರ್. ಸರ್ಕ್ಯೂಟ್ ಕನಿಷ್ಠ ಎಷ್ಟು ಆಂಪ್ ತಾಳಬೇಕು, ಬ್ರೇಕರ್ ಗರಿಷ್ಠ ಎಷ್ಟಿರಬಹುದು ಎಂಬ ಎರಡೂ ಅಂಕಿ ಪೆಟ್ಟಿಗೆಯ ನೇಮ್‌ಪ್ಲೇಟಿನಲ್ಲೇ ಇರುತ್ತವೆ. ಟ್ರಿಪ್ ಆಗುತ್ತಿದ್ದರೆ ಮೊದಲು ಕರೆಂಟ್ ತೆಗೆದು ಟರ್ಮಿನಲ್ ನೋಡಿ. ಸ್ಕ್ರೂ ಸಡಿಲವಾದ ಕಡೆ ವೈರಿನ ಹೊದಿಕೆ ಕಂದುಗಟ್ಟಿ, ತಾಮ್ರ ಕಪ್ಪಾಗಿರುತ್ತದೆ. ಆ ಸುಟ್ಟ ತುದಿಯನ್ನು ಮತ್ತೆ ಬಿಗಿಮಾಡಿದರೆ ಸಾಲದು. ಕತ್ತರಿಸಿ ಹೊಸದಾಗಿ ಕೂರಿಸಬೇಕು.

ತಪ್ಪು ಕಲ್ಪನೆ: ಒಂದು ಬ್ರೇಕರ್ ಆಫ್ ಮಾಡಿದರೆ ಪೆಟ್ಟಿಗೆಯಲ್ಲಿ ಕರೆಂಟ್ ಇರದು.

ವಾಸ್ತವ: ಕಾಯಿಲ್‌ಗಳ ಒಟ್ಟು ಹೊರೆ 48 ಆಂಪ್ ಮೀರಿದರೆ ಅದನ್ನು ಹಂಚಬೇಕೆಂಬುದು ನಿಯಮ. ಹಾಗಾಗಿ 15 ಮತ್ತು 20 ಕಿಲೋವ್ಯಾಟ್ ಹೀಟರ್‌ಗಳಿಗೆ ಎರಡು ಲೈನ್ ಬರುವುದುಂಟು. ಒಂದು ಆಫ್ ಆದರೂ ಇನ್ನೊಂದು ಜೀವಂತ.

ತಪ್ಪು ಕಲ್ಪನೆ: ಥರ್ಮೋಸ್ಟಾಟ್‌ನಿಂದ ಡಬ್ಲ್ಯೂ ವೈರ್ ಕೊಟ್ಟರೆ ಹೀಟರ್ ಕೆಲಸ ಮುಗಿಯಿತು.

ವಾಸ್ತವ: ಈ 24 ವೋಲ್ಟ್ ವೈರ್‌ಗಳನ್ನು ಯಾರೂ ಗಂಭೀರವಾಗಿ ನೋಡುವುದಿಲ್ಲ, ಆದರೆ ಹೀಟರ್ ಕೆಡುವುದು ಹೆಚ್ಚಾಗಿ ಇಲ್ಲಿನ ತಪ್ಪಿನಿಂದ ಎಂಬುದು ನನ್ನ ಅಭಿಪ್ರಾಯ. ಡಬ್ಲ್ಯೂ ಹೀಟರನ್ನು ಕರೆಯುತ್ತದೆ, ಜಿ ಫ್ಯಾನನ್ನು. ಗ್ಯಾಸ್ ಫರ್ನೇಸ್ ತನ್ನ ಫ್ಯಾನನ್ನು ತಾನೇ ಹಾಕಿಕೊಳ್ಳುತ್ತದೆ. ಎಲ್ಲ ಏರ್ ಹ್ಯಾಂಡ್ಲರ್‌ಗಳೂ ಹಾಗಲ್ಲ. ಥರ್ಮೋಸ್ಟಾಟ್ ಗ್ಯಾಸ್ ಸೆಟ್ಟಿಂಗ್‌ನಲ್ಲೇ ಉಳಿದರೆ ಗಾಳಿಯಿಲ್ಲದೆ ಕಾಯಿಲ್ ಕೆಂಪಗೆ ಕಾಯಬಹುದು. ಆಗ ಲಿಮಿಟ್ ಸ್ವಿಚ್ ತಾನೇ ಕರೆಂಟ್ ಕಡಿಯಬೇಕು. ಅದೂ ಕೈಕೊಟ್ಟರೆ ಕಾಪಾಡಲು ಉಳಿಯುವುದು ಕರಗಿ ತುಂಡಾಗುವ ಫ್ಯೂಸ್ ಲಿಂಕ್ ಮಾತ್ರ. ಸೆಟ್ಟಿಂಗನ್ನು ಎಲೆಕ್ಟ್ರಿಕ್‌ಗೆ ಬದಲಿಸಿ, ಬಾಗಿಲಿನ ಒಳಬದಿಗೆ ಅಂಟಿಸಿದ ನಕ್ಷೆಯ ಜೊತೆ ಹೋಲಿಸಿ ನೋಡಿ.

ತಪ್ಪು ಕಲ್ಪನೆ: ವಿದ್ಯುತ್ ಪೂರ್ತಿ ಶಾಖವಾಗುವುದರಿಂದ ಇದೇ ಅಗ್ಗ.

ವಾಸ್ತವ: ಪೂರ್ತಿ ಶಾಖವಾಗುವುದು ನಿಜ, ಅಗ್ಗ ಅಲ್ಲ. ತೀರಾ ಚಳಿಯಿಲ್ಲದಾಗ ಹೀಟ್ ಪಂಪ್ ಅಷ್ಟೇ ವಿದ್ಯುತ್ತಿನಲ್ಲಿ ಎರಡು ಮೂರು ಪಟ್ಟು ಶಾಖ ಕೊಡುತ್ತದೆ. ಕಾಯಿಲ್ ಅದರ ಬೆಂಬಲಕ್ಕಿರಲಿ.

ಪೆಟ್ಟಿಗೆ ಬಿಚ್ಚುವ ಮುನ್ನ ಎಲ್ಲ ಬ್ರೇಕರ್ ಆಫ್ ಮಾಡಿ, ಪ್ರತಿ ಟರ್ಮಿನಲ್‌ಗೂ ಮೀಟರ್ ಇಟ್ಟು ನೋಡಿ. ಮೀಟರ್ ಬಳಸಿ ಅಭ್ಯಾಸವಿಲ್ಲದಿದ್ದರೆ ದಯವಿಟ್ಟು ಕೈ ಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ.